ಹದಿನೇಳನೇ ಬಿಲ್ಲೆ

ಬೆಳಿಗ್ಗೆ ಎಂಟಕ್ಕೆ ಹಾಜರಿ ಕೂಗುವಾಗ ಕಂಪನಿಯ ಯಜಮಾನ ಪದ್ಮನಾಭನ್ ಪುಸ್ತಕದಿಂದ ಮುಖ ಎತ್ತುತ್ತಿರಲಿಲ್ಲ. ಅದು ಸೊಕ್ಕಲ್ಲ, ಮರ್ಯಾದೆ. "ಹದಿನಾರು, ಭಾಗ್ಯಮ್ಮ" ಎನ್ನುತ್ತಿದ್ದರು. ಯಾವುದೋ ಹೆಣ್ಣುದನಿ "ಇದ್ದೀನಿ" ಎನ್ನುತ್ತಿತ್ತು. ಅವರು ಒಂದು ಗೀಟು ಎಳೆಯುತ್ತಿದ್ದರು. ಆ ದನಿ ಭಾಗ್ಯಮ್ಮನದೋ ಅವಳ ಸೊಸೆ ಶಾಂತಳದೋ ಎಂದು ನೋಡಿದರೆ ತಾನೇ ತೊಂದರೆ? ಅವರು ನೋಡುತ್ತಿರಲಿಲ್ಲ.

ಕಂಪನಿ ಎಂದರೆ ದೊಡ್ಡದೇನಲ್ಲ. ವಯನಾಡಿನ ಕಲ್ಲೂರಿನಿಂದ ಮುತ್ತಂಗದ ಕಡೆಗೆ ಮೈಸೂರು ರಸ್ತೆಯಲ್ಲಿ ಒಂದು ಮೈಲಿ ನಡೆದರೆ ತಗಡು ಹೊದಿಸಿದ ಉದ್ದನೆಯ ಶೆಡ್ಡು, ಅದರ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ, ಹಿಂದುಗಡೆ ಸಿಪ್ಪೆ ಬಿಡಿಸುವ ಒಂದು ಯಂತ್ರ. ಶೆಡ್ಡಿನೊಳಗೆ ನಲವತ್ತೆರಡು ಹೆಂಗಸರು ಉದ್ದ ಹಲಗೆಗಳ ಮುಂದೆ ಕೂತು ಬೀಜ ಆರಿಸುತ್ತಾರೆ. ಕರಿದು, ಒಡೆದದ್ದು, ಹುಳ ಹಿಡಿದದ್ದು ಒಂದು ಕಡೆ. ಒಳ್ಳೆಯದು ಇನ್ನೊಂದು ಕಡೆ. ಕಾಫಿ ಮುಗಿದರೆ ಮೆಣಸು, ಮೆಣಸು ಮುಗಿದರೆ ಒಣಶುಂಠಿ. ಒಬ್ಬೊಬ್ಬರಿಗೂ ಒಂದೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಂದು ನಂಬರು, ನಂಬರಿಗೊಂದು ಹೆಸರು. ಹೆಸರು ಒಂದೇ ಆದ ಮಾತ್ರಕ್ಕೆ ಆಳೂ ಒಂದೇ ಆಗಬೇಕು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೇಗೆ ಹೊಳೆಯಬೇಕು? ಈ ಹೆಂಗಸರ ಊರು ನೂಲ್ಪುಳದ ಗದ್ದೆಗಳಲ್ಲಿ ಹಾಗಿಲ್ಲ. ನಾಟಿಗೆ ನಿಮ್ಮ ಮನೆಯಿಂದ ಒಂದು ಆಳು ನಮ್ಮ ಗದ್ದೆಗೆ ಬಂದರೆ, ನಾಳೆ ನಮ್ಮ ಮನೆಯಿಂದ ಒಂದು ಆಳು ನಿಮ್ಮ ಗದ್ದೆಗೆ. ಅತ್ತೆ ಬಂದರೂ ಆಯಿತು, ಸೊಸೆ ಬಂದರೂ ಆಯಿತು, ಇಬ್ಬರಿಗೂ ಆಗದಿದ್ದರೆ ಪಕ್ಕದ ಮನೆಯವಳನ್ನು ಕಳಿಸಿದರೂ ಆಯಿತು, ಮುಯ್ಯಿ ತೀರಿತು. ಆ ಹೆಂಗಸರು ಕಂಪನಿಗೆ ಬರುವಾಗ ಬುತ್ತಿಯ ಜೊತೆಗೆ ಈ ಮುಯ್ಯಿಯನ್ನೂ ಕಟ್ಟಿಕೊಂಡು ಬಂದರು. ಪದ್ಮನಾಭನ್ ಕೂಡ ಗದ್ದೆಯ ಮನೆಯಲ್ಲಿ ಹುಟ್ಟಿದವರೇ. "ನನಗೆ ಬೇಕಾಗಿರೋದು ನಲವತ್ತೆರಡು ಜೊತೆ ಕೈ. ಮುಖ ಇಟ್ಕೊಂಡು ನಾನೇನು ಮಾಡ್ಲಿ?" ಎಂದು ಬಿಟ್ಟಿದ್ದರು. ಯಾರು ಕೂತರೋ ಆ ದಿನದ ಕೂಲಿ ಅವರದು.

ಹೀಗಾಗಿ ಆ ಶೆಡ್ಡಿನಲ್ಲಿ ಕೆಲಸ ಬಿಟ್ಟು ಹೋದವರು ಕಡಿಮೆ. ಹಸು ಕರು ಹಾಕಿದರೆ, ಮಗುವಿಗೆ ಜ್ವರ ಕಾದರೆ, ತವರಿನಲ್ಲಿ ಮದುವೆ ಬಂದರೆ, ಬಿಲ್ಲೆಯನ್ನು ಇನ್ನೊಬ್ಬಳ ಕೈಗಿತ್ತು ನೆಮ್ಮದಿಯಾಗಿ ಇರಬಹುದು. ಮರಳಿ ಬಂದಾಗ ಕೂರುವ ಜಾಗ ಬೆಚ್ಚಗೇ ಇರುತ್ತದೆ.

ಹದಿನೇಳನೇ ಬಿಲ್ಲೆ ನಿಂಗಮ್ಮನದು. ನಿಂಗಮ್ಮ ನೂಲ್ಪುಳದ ಶಿವನಂಜಪ್ಪನ ಹೆಂಡತಿ. ಗುಂಡ್ಲುಪೇಟೆಯ ಕಡೆಯಿಂದ ಮುತ್ತಾತನ ಕಾಲದಲ್ಲಿ ಕಾಡು ದಾಟಿ ಬಂದು ಗದ್ದೆ ಮಾಡಿಕೊಂಡ ಮನೆತನ. ಮನೆಯೊಳಗೆ ಕನ್ನಡ, ಹೊರಗೆ ಮಲಯಾಳ. ಉಣ್ಣುವುದಕ್ಕೆ ಕೊರತೆಯಿಲ್ಲ. ಆದರೆ ನಿಂಗಮ್ಮನಿಗೆ ಕಂಪನಿಯ ಹುಚ್ಚು. ಹಲಗೆಯ ಮುಂದೆ ಕೂತು ಕೈ ತನ್ನ ಪಾಡಿಗೆ ಕರಿಬೀಜ ಹೆಕ್ಕುತ್ತಿದ್ದರೆ ಬಾಯಿಗೆ ಇಡೀ ದಿನ ಬಿಡುವು. ಮನೆಯಲ್ಲಿ ಅವಳು ಒಂದು ಮಾತಾಡಿದರೆ ಅತ್ತೆ ಎರಡು ಕೆಲಸ ಹೇಳುತ್ತಿದ್ದಳು. ಕಂಪನಿಗೆ ಹೊರಟರೂ ಅಷ್ಟೆ, ಸೀರೆಯ ನೆರಿಗೆ ಹಿಡಿಯುವ ಹೊತ್ತಿಗೆ ಶಿವನಂಜಪ್ಪ ಜಗಲಿಯಿಂದ ಕೂಗುತ್ತಿದ್ದ: "ಇವತ್ತು ಬ್ಯಾಡ ಕಣೆ, ಕಳೆ ಕೀಳೋರು ಬತ್ತಾರೆ. ಆ ಚಿರುತನ್ನ ಕಳಿಸು."

ಚಿರುತ ಕಾಡಂಚಿನ ಕಾಡುನಾಯ್ಕರ ಹಾಡಿಯವಳು. ಅವರ ಮಾತು ಕನ್ನಡಕ್ಕೆ ದೂರದ ನೆಂಟಸ್ತನದ್ದು. ಎರಡು ದಿನ ಜೊತೆಗಿದ್ದರೆ ಎಲ್ಲ ತಿಳಿಯುತ್ತದೆ. ಮೂರು ವರ್ಷದ ಹಿಂದೆ ನಿಂಗಮ್ಮನ ಗದ್ದೆಗೆ ಕೂಲಿಗೆ ಬರುತ್ತಿದ್ದವಳನ್ನು ನಿಂಗಮ್ಮನೇ ಒಂದು ದಿನ ಬಿಲ್ಲೆ ಕೊಟ್ಟು ಕಳಿಸಿದ್ದಳು. ಆಮೇಲೆ ವಾರಕ್ಕೊಂದು ದಿನ, ಎರಡು ದಿನ, ನಾಟಿಯ ಹೊತ್ತಿಗೆ ತಿಂಗಳಿಗೆ ತಿಂಗಳು. ಇಬ್ಬರಿಗೂ ಕೆಲಸವಿದ್ದ ದಿನಗಳಲ್ಲಿ, ಕಣದಲ್ಲಿ ಕಾಫಿ ಹರವುವುದಕ್ಕೋ ಮೂಟೆ ಹೊಲಿಯುವುದಕ್ಕೋ ಚಿರುತಳನ್ನು ಬಿಡಿಕೂಲಿಗೆ ಕರೆಯುತ್ತಿದ್ದರು; ಮಧ್ಯಾಹ್ನ ಇಬ್ಬರೂ ಒಂದೇ ಹಲಗೆಯ ಕೊನೆಗೆ ಬುತ್ತಿ ಬಿಚ್ಚುತ್ತಿದ್ದರು. ಗದ್ದೆಯ ಹತ್ತಿರ ಚಿರುತ ಅಂಗಳದ ಆಚೆಗೇ ನಿಂತು "ಅಮ್ಮಾರೇ" ಎಂದು ಕೂಗುವವಳು. ಶೆಡ್ಡಿನೊಳಗೆ ಅದೇ ನಾಲಿಗೆ "ಏ ನಿಂಗೀ, ಆ ಉಪ್ಪಿನಕಾಯಿ ಇತ್ತ ತಳ್ಳು" ಎನ್ನುತ್ತಿತ್ತು. ಹೀಗೆ ಯಾವಾಗ ಆಯಿತೆಂದು ಇಬ್ಬರಿಗೂ ಗೊತ್ತಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ.

ಈ ನಡುವೆ ವಯನಾಡು ಹೊಸ ಜಿಲ್ಲೆಯಾಗಿ ಎರಡು ವರ್ಷ ಕಳೆದಿತ್ತು. ಮೊದಲು ಆಫೀಸರ್ ಎಂದರೆ ಘಾಟಿ ಇಳಿದರೆ ಕಲ್ಲಿಕೋಟೆಯಲ್ಲಿ ಇದ್ದಾನಂತೆ ಎಂದು ಜನ ನಂಬಿಕೊಂಡಿದ್ದ ಒಂದು ವಸ್ತು. ಈಗ ಜಿಲ್ಲಾಕೇಂದ್ರ ಕಲ್ಪೆಟ್ಟದಲ್ಲಿ ಬೆಳಗಿನ ಬಸ್ಸು ಹತ್ತಿದರೆ ಹತ್ತು ಗಂಟೆಗೆ ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಾನೆ. ಓಣಂ ಕಳೆದ ವಾರ ಹಾಗೇ ಬಂದು ನಿಂತವರು ಶ್ರೀಧರನ್ ಎಂಬ ಲೇಬರ್ ಆಫೀಸರ್. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಈ ಕಂಪನಿಯ ಬಗ್ಗೆ ಒಳ್ಳೆಯ ಮಾತು ಕೇಳಿದ್ದೇನೆ, ಜಿಲ್ಲೆಗೆ ಒಂದು ಮಾದರಿ ಎಂದು ತೋರಿಸಬೇಕು ಎಂದುಕೊಂಡಿದ್ದೇನೆ ಎಂದರು. ಹಲಗೆಯ ತುದಿಯಲ್ಲಿ ಕೂತಿದ್ದ ಭಾಗ್ಯಮ್ಮನನ್ನು ಅಕ್ಕ ಎಂದು ಕರೆದು ಮಲಯಾಳದಲ್ಲಿ ಕೇಳಿದರು: "ಚೇಚಿ, ನೀವು ಹೇಳಿ. ಈ ಕಂಪನಿಯಲ್ಲಿ ಅಂಥದ್ದೇನು ಒಳ್ಳೆಯದಿದೆ?"

ಭಾಗ್ಯಮ್ಮನಿಗೆ ಕೇಳುವುದೇ ತಡ. "ನೋಡಿ ಸಾರೇ, ಇಲ್ಲಿ ನಂಗೆ ಮಂಡಿ ನೋವಾದ್ರೆ ನನ್ನ ಸೊಸೆ..." ಎಂದು ಶುರು ಮಾಡಿದಳು. ನಿಂಗಮ್ಮನ ಮೊಣಕೈ ಅವಳ ಪಕ್ಕೆಗೆ ಸರಿಯಾಗಿ ತಾಗಿತು.

"ಸೊಸೆ?" ಎಂದರು ಆಫೀಸರ್.

"ಸೊಸೆ... ಎಣ್ಣೆ ಹಚ್ತಾಳೆ ಸಾರೇ. ಮನೇಲಿ." ಭಾಗ್ಯಮ್ಮ ಬೆವರಿದಳು. "ಇಲ್ಲಿ ನೀರು ಬೋ ಒಳ್ಳೇದು. ಬಾವಿ ನೀರು."

ನಲವತ್ತು ಹೆಂಗಸರು ತಲೆ ತಗ್ಗಿಸಿ ಬೀಜ ಆರಿಸಿದರು. ಕೆಲವರ ಹೆಗಲು ಕುಲುಕುತ್ತಿತ್ತು. ಆಫೀಸರ್ "ಕುಡಿಯುವ ನೀರು, ಉತ್ತಮ" ಎಂದು ಬರೆದುಕೊಂಡರು.

ಆದರೆ ಹೊರಡುವ ಮುಂಚೆ ಅವರು ಹಾಜರಿ ಪುಸ್ತಕ ತಿರುವಿ ಹೇಳಿದ ಮಾತಿಗೆ ಯಾರೂ ನಗಲಿಲ್ಲ. ಒಂದು ವರ್ಷದಲ್ಲಿ ಇನ್ನೂರ ನಲವತ್ತು ದಿನ ಕೆಲಸ ಮಾಡಿದವರನ್ನೆಲ್ಲ ಕಾಯಂ ಮಾಡಬೇಕು. ಫೋಟೋ ಅಂಟಿಸಿದ ಕಾರ್ಡು. ಸಂಬಳ ಕಡಿತವಾಗದ ರಜೆ, ಹೆರಿಗೆ ರಜೆ, ಕೆಲಸ ಬಿಟ್ಟಾಗ ಕೈಗೊಂದಿಷ್ಟು. ಹದಿನೈದು ದಿನ ಬಿಟ್ಟು ಸ್ಟುಡಿಯೋದವನನ್ನು ಕರೆದುಕೊಂಡು ಬರುತ್ತೇನೆ, ಪುಸ್ತಕದಲ್ಲಿ ಹೆಸರಿದ್ದವರು ಒಬ್ಬೊಬ್ಬರಾಗಿ ಬಂದು ಒಪ್ಪು ಹಾಕಬೇಕು, ಎಂದರು. ಒಪ್ಪು ಎಂದರೆ ಸಹಿ, ಬಾರದವರಿಗೆ ಹೆಬ್ಬೆಟ್ಟು.

ಆ ಸಂಜೆ ಪದ್ಮನಾಭನ್ ಎಲ್ಲರನ್ನೂ ಕಣದಲ್ಲಿ ನಿಲ್ಲಿಸಿಕೊಂಡರು. "ಕೇಳಿ. ಇಷ್ಟು ದಿನ ನಡೀತು, ನಡೀತು. ಪುಸ್ತಕದಲ್ಲಿರೋದು ಸುಳ್ಳು ಅಂತಾದ್ರೆ ನನ್ನ ಮೇಲೆ ಕೇಸು, ನಿಮಗೂ ಏನೂ ಇಲ್ಲ. ಫೋಟೋ ದಿನ ಯಾರ ಹೆಸರಿದೆಯೋ ಅವರೇ ಕೂರ್ಬೇಕು. ಉಳಿದೋರು ಅವತ್ತು ಈ ಕಡೆ ತಲೆ ಹಾಕ್ಬೇಡಿ. ನಿಮ್ಮ ನಿಮ್ಮ ಜೊತೆಯವ್ರಿಗೆ ನೀವೇ ಹೇಳ್ಕೊಳ್ಳಿ."

ಹನ್ನೊಂದು ಬಿಲ್ಲೆಗಳಿಗೆ ಹಾಗೆ ಜೊತೆಯವರಿದ್ದರು. ಹತ್ತರಲ್ಲಿ ಅತ್ತೆ ಸೊಸೆ, ಓರಗಿತ್ತಿಯರು, ಅಕ್ಕ ತಂಗಿ. ಒಂದು ರಾತ್ರಿ ಜಗಳ, ಒಂದು ದಿನ ಮುನಿಸು, ಮುಗಿಯಿತು. ಯಾರಿಗೆ ಬಂದರೂ ಒಂದೇ ಒಲೆಗೆ ತಾನೆ. ಹದಿನೇಳು ಮಾತ್ರ ಎರಡು ಒಲೆಯದು.

ನಿಂಗಮ್ಮನಿಗೆ ಕಾರ್ಡು ಬೇಕಿತ್ತು. ಹಸಿವಾದಾಗ ಅನ್ನ ಬೇಕೆನಿಸುವ ಹಾಗೆ ಬೇಕಿತ್ತು. ಕಾರ್ಡಿದ್ದರೆ ಜಗಲಿಯಿಂದ ಯಾರು ಕೂಗಿದರೂ "ಆಗಲ್ಲ, ಡ್ಯೂಟಿ" ಎನ್ನಬಹುದು. ಗದ್ದೆ ಗಂಡನ ಹೆಸರಲ್ಲಿ, ಮನೆ ಮಾವನ ಹೆಸರಲ್ಲಿ. ಇದೊಂದು ತನ್ನ ಹೆಸರಲ್ಲಿ, ತನ್ನ ಮುಖದ ಜೊತೆ. ಶಿವನಂಜಪ್ಪ ಕೂಡ ಈ ಸಲ ಬೇಡವೆನ್ನಲಿಲ್ಲ. "ಕಾಯಂ ಅಂದ್ರೆ ಗೌರ್ಮೆಂಟ್ ಥರಾ ತಾನೆ? ಹಾಕು ಒಪ್ಪು" ಎಂದ. "ಚಿರುತ?" ಎಂದಳು ನಿಂಗಮ್ಮ. "ಅವ್ಳಿಗೇನು, ನಮ್ಮ ಗದ್ದೇಲಿ ಕೆಲ್ಸ ಇದ್ದೇ ಅದಲ್ಲ."

ಮೂರು ದಿನ ಬಿಟ್ಟು ಅವಳು ಹಾಡಿಗೆ ಹೋದಳು, ಹೇಳಿಬಿಡುವುದಕ್ಕೆಂದೇ. ದಾರಿಯಲ್ಲಿ ಮಾತನ್ನು ಜೋಡಿಸಿಕೊಂಡೇ ಹೋಗಿದ್ದಳು. ಗುಡಿಸಲ ಮುಂದೆ ಚಿರುತಳ ಗಂಡ ಬೊಮ್ಮನ್ ಬಿದಿರು ಸೀಳುತ್ತಿದ್ದ. ನಿಂಗಮ್ಮನನ್ನು ಕಂಡು ಒಳಗೆ ಮುಖ ಮಾಡಿ ಕೂಗಿದ: "ಏ ನಿಂಗಮ್ಮಾ! ನಿಂಗಮ್ಮ ಬಂದವ್ಳೆ ನೋಡು!"

ಚಿರುತ ನಗುತ್ತಾ ಹೊರಬಂದಳು. "ಮೂರು ವರ್ಷದಿಂದ ಹಿಂಗೇ ಕಣೆ ಇವ್ನು. ನೀರು ಕೊಡು ನಿಂಗಮ್ಮ, ಸೌದೆ ತಾ ನಿಂಗಮ್ಮ. ನನ್ನ ಹೆಸ್ರು ಏನೂಂತ ಮಕ್ಕಳೇ ಮರ್ತವೆ." ಒರಳಿನ ಹತ್ತಿರ ಜಾಗ ಮಾಡಿ ಕೂರಿಸಿದಳು. "ಕಾರ್ಡು ಕೊಡ್ತಾರಂತೆ?"

"ಹೂಂ. ಅದ್ಕೇ ಬಂದೆ."

"ನಾನೂ ಯೋಚ್ನೆ ಮಾಡ್ತಿದ್ದೆ. ನೀನು ಕಮ್ಮಿ, ನಾನು ಜಾಸ್ತಿ ಬಂದಿದೀನಿ. ಆದ್ರೆ ಬಿಲ್ಲೆ ಕೊಟ್ಟೋಳು ನೀನು. ಇಬ್ಬರ ಹೆಸ್ರೂ ಬರ್ಕೊಳ್ಳಿ ಅಂತ ಆ ಸಾರಿಗೆ ಹೇಳಾನ. ಒಳ್ಳೆ ಮನ್ಸ ಅಂತೆ ಅಲ್ವಾ?"

ನಿಂಗಮ್ಮ ಬೊಮ್ಮನ್ ಸೀಳುತ್ತಿದ್ದ ಬಿದಿರನ್ನು ನೋಡಿದಳು.

"ಹೇಳಾನ" ಎಂದಳು.

ಅಷ್ಟೇ. ಕಾಡಿನ ಜೇನು ಈ ಸಲ ಹೇಗಿದೆ ಎಂದು ಕೇಳಿ, ಕೊಟ್ಟ ಕರಿ ಕಾಫಿ ಕುಡಿದು ಎದ್ದು ಬಂದಳು. ಅವತ್ತು ಬರಬೇಡ ಎಂಬ ಮಾತನ್ನು ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ಹದಿನೈದು ದಿನದಲ್ಲಿ ಚಿರುತ ಆರು ದಿನ ಬಿಲ್ಲೆ ಹಿಡಿದು ಬಂದಳು, ನಿಂಗಮ್ಮನ ಅತ್ತೆಗೆ ಹುಷಾರಿಲ್ಲವೆಂದು. ಆರು ನಾಳೆಗಳೂ ಹಾಗೇ ಕಳೆದವು.

ಫೋಟೋ ತೆಗೆಯುವ ದಿನ ಕಣದಲ್ಲಿ ಮೇಜು ಹಾಕಿದ್ದರು. ಬಿಳಿ ಪಂಚೆಯೊಂದನ್ನು ಗೋಡೆಗೆ ಕಟ್ಟಿ, ಅದರ ಮುಂದೆ ಸ್ಟೂಲು. ಬತ್ತೇರಿಯ ಸ್ಟುಡಿಯೋದವನು "ಚೇಚಿ, ಗದ್ದ ಮೇಲೆ, ಉಸಿರು ಬಿಡಿ, ಯಾರೂ ಸತ್ತಿಲ್ಲ" ಎಂದು ತಮಾಷೆ ಮಾಡುತ್ತಿದ್ದ. ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಭಾಗ್ಯಮ್ಮ ಚೆಂಡು ಹೂವು ಮುಡಿದು ಸ್ಟೂಲಿನ ಮೇಲೆ ಕೂತಾಗ ಯಾರೋ "ಭಾಗ್ಯಕ್ಕಂಗೆ ಎರಡನೇ ಸಂಬಂಧ ನೋಡ್ತಾವ್ರೆ" ಎಂದರು. ಎಲ್ಲರೂ ನಕ್ಕರು. ಪದ್ಮನಾಭನ್ ಪುಸ್ತಕದ ಮೇಲೆ ಬಾಗಿ ಮುಂದಿನ ಹೆಸರು ಕೂಗಿದರು.

"ಹದಿನೇಳು, ನಿಂಗಮ್ಮ."

"ಇದ್ದೀನಿ."

ಒಂದು ದನಿ ಸಾಲಿನಿಂದ ಬಂತು. ಇನ್ನೊಂದು ಬಾವಿಯ ಕಡೆಯಿಂದ. ಚಿರುತ ತೊಳೆದ ಸೀರೆ ಉಟ್ಟು, ಎಣ್ಣೆ ಹಾಕಿ ತಲೆ ಬಾಚಿ, ಅದೇ ಆಗ ಬಂದು ನಿಂತಿದ್ದಳು. ಮೂರು ವರ್ಷ ಬೆಳಗಾದರೆ ಆ ಹೆಸರಿಗೆ ಹಾಗೆ ಓಗೊಟ್ಟಿದ್ದಳು. ಬಾಯಿ ತಾನಾಗಿ ತೆರೆದುಕೊಂಡಿತ್ತು.

ಪದ್ಮನಾಭನ್ ಮೊದಲ ಸಲ ಮುಖ ಎತ್ತಿದರು.

"ಇಬ್ಬರು ನಿಂಗಮ್ಮ ಇದ್ದೀರಾ?" ಆಫೀಸರ್ ನಗುತ್ತಲೇ ಕೇಳಿದರು. ಯಾರೂ ನಗದಿದ್ದಾಗ ಅವರ ನಗುವೂ ನಿಂತಿತು. ಪೆನ್ನು ಕೆಳಗಿಟ್ಟರು. "ಆ ಹೆಂಗಸು ಯಾರು?"

"ಅದು... ನೀರು ತರೋಕೆ ಬಂದವ್ಳು ಸಾರೇ" ಎಂದರು ಪದ್ಮನಾಭನ್. ಮೂರು ವರ್ಷದಲ್ಲಿ ಯಾರಿಗೂ ಗಟ್ಟಿಯಾಗಿ ಒಂದು ಮಾತೂ ಆಡದ ಮನುಷ್ಯ. ಅವರ ಕಿವಿಗಳು ಕೆಂಪಾಗಿದ್ದವು.

ಆಫೀಸರ್ ನಿಂಗಮ್ಮನ ಕಡೆ ತಿರುಗಿದರು. "ನೀವು ಹೇಳಿ. ಅವರು ಇಲ್ಲಿ ಕೆಲಸ ಮಾಡಿದ್ದಾರಾ?"

ನಿಂಗಮ್ಮನಿಗೆ ಬೆನ್ನ ಹಿಂದೆ ನಲವತ್ತು ಹೆಂಗಸರು ಉಸಿರು ಹಿಡಿದದ್ದು ಕೇಳಿಸಿತು. ಹೌದು ಎಂದರೆ ಹದಿನೇಳು ಹೋಗುತ್ತದೆ. ಹದಿನೇಳರ ಹಿಂದೆ ಹದಿನಾರು, ಮತ್ತೆ ಉಳಿದ ಒಂಬತ್ತು. ಇದೆಲ್ಲ ನಿಜ. ಆದರೆ ಆ ಗಳಿಗೆಯಲ್ಲಿ ಅವಳು ಯೋಚಿಸಿದ್ದು ಅವರ್ಯಾರನ್ನೂ ಅಲ್ಲ, ಆ ಸ್ಟೂಲನ್ನು. ಅದರ ಮೇಲೆ ಕೂರುವುದಕ್ಕೆ ಇನ್ನು ನಾಲ್ಕೇ ಹೆಜ್ಜೆ.

"ನೀರು ತರೋಳು ಸಾರೇ" ಎಂದಳು.

"ಸರಿ. ಬಿಲ್ಲೆ ಎಲ್ಲಿ?"

ನಿಂಗಮ್ಮ ಸೆರಗಿನ ತುದಿ ಮುಟ್ಟಿಕೊಂಡಳು. ಬಿಲ್ಲೆ ಅಲ್ಲಿರಲಿಲ್ಲ. ನಿನ್ನೆ ಕೆಲಸಕ್ಕೆ ಬಂದವಳು ಚಿರುತ. ಬಿಲ್ಲೆ ಅವಳ ಸೆರಗಿನಲ್ಲಿತ್ತು.

ಚಿರುತ ನಿಧಾನಕ್ಕೆ ಕಣ ದಾಟಿ ಬಂದಳು. ಗಂಟು ಬಿಚ್ಚಿ, ಹಿತ್ತಾಳೆಯ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಆಫೀಸರನ್ನಾಗಲಿ ಪದ್ಮನಾಭನ್ ಅವರನ್ನಾಗಲಿ ನೋಡಲಿಲ್ಲ.

"ಬಾವಿ ಹತ್ರ ಬಿದ್ದಿತ್ತು ಅಮ್ಮಾರೇ" ಎಂದಳು ನಿಂಗಮ್ಮನಿಗೆ. "ಭದ್ರವಾಗಿಟ್ಕೊಳ್ಳಿ."

ಮತ್ತೆ ಅದೇ ನಿಧಾನದಲ್ಲಿ ರಸ್ತೆಗಿಳಿದು ಹೋದಳು. ಸ್ಟುಡಿಯೋದವನು "ಚೇಚಿ, ಗದ್ದ ಮೇಲೆ" ಎಂದ. ಕಾರ್ಡಿನಲ್ಲಿರುವ ನಿಂಗಮ್ಮನ ಫೋಟೋ ನೋಡಿದವರು, ಯಾಕೆ ಹೀಗೆ ಪಕ್ಕಕ್ಕೆ ನೋಡ್ತಿದ್ದೀಯ ಎಂದು ಈಗಲೂ ಕೇಳುತ್ತಾರೆ.

ಕಾರ್ಡು ಬಂತು. ಶೆಡ್ಡಿಗೆ ಗೋಡೆ ಗಡಿಯಾರ ಬಂತು, ಔಷಧಿ ಪೆಟ್ಟಿಗೆ ಬಂತು, ಕಲ್ಪೆಟ್ಟದಿಂದ ಮೆಚ್ಚುಗೆಯ ಕಾಗದ ಬಂತು. ಪದ್ಮನಾಭನ್ ಅದಕ್ಕೆ ಚೌಕಟ್ಟು ಹಾಕಿಸಿ ಗಡಿಯಾರದ ಕೆಳಗೆ ತೂಗುಹಾಕಿದರು. ಒಳ್ಳೆಯದಾಗಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಮೂವತ್ತನೇ ಬಿಲ್ಲೆಯ ಕುಞ್ಞಮ್ಮನ ಜೊತೆ ಕೆಲಸಕ್ಕಿದ್ದ ಮಗಳಿಗೆ ಹೆರಿಗೆ ರಜೆಯಲ್ಲೂ ಸಂಬಳ ಬಂದಾಗ ಇಡೀ ಶೆಡ್ಡು ನಂಬಲಾರದೆ ಆ ಸಂಬಳದ ಚೀಟಿಯನ್ನು ಮುಟ್ಟಿ ಮುಟ್ಟಿ ನೋಡಿತು. ಭಾಗ್ಯಮ್ಮನ ಸೊಸೆ ಮಾತ್ರ ಮನೆಯಲ್ಲೇ ಉಳಿದಳು. ಭಾಗ್ಯಮ್ಮ ನೋಯುವ ಮಂಡಿಯನ್ನು ಹಲಗೆಯ ಕೆಳಗೆ ಚಾಚಿ, "ನಂಗೆ ರಜ ಬ್ಯಾಡ, ಶಾಂತ ಬಂದು ಕೂತ್ರೆ ಸಾಕು ಅಂತ ಎಲ್ಲಿ ಬರೀಬೇಕು ಮೊದಲಾಳಿ?" ಎಂದು ಕೇಳಿದರೆ ಪದ್ಮನಾಭನ್ ಪುಸ್ತಕದ ಹಾಳೆ ತಿರುವುತ್ತಿದ್ದರು. ಮೊದಲಾಳಿ ಎಂದರೆ ಅಲ್ಲಿ ಯಜಮಾನ. ಈಗ ಅವರು ಪ್ರತಿ ಹೆಸರಿಗೂ ಮುಖ ಎತ್ತಿ ನೋಡಿಯೇ ಗೀಟು ಹಾಕುತ್ತಿದ್ದರು. ನೋಡುವಾಗ ಅವರಿಗೇ ನಾಚಿಕೆಯಾಗುತ್ತಿತ್ತು.

ನಿಂಗಮ್ಮ ದಿನವೂ ಬಂದಳು. ಮನೆಯಲ್ಲಿ ತಡೆಯುವವರಿಲ್ಲ. ಶಿವನಂಜಪ್ಪ "ಕಾರ್ಡಮ್ನೋರು ಹೊರಟ್ರು, ದಾರಿ ಬಿಡಿ" ಎಂದು ಹಾಸ್ಯ ಮಾಡುತ್ತಿದ್ದ. ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೆ ಹಲಗೆಯ ಮುಂದೆ ಕೂತರೆ ಬಾಯಿಗೆ ಮಾತು ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಅವಳ ಒಂದು ಮಾತಿನಿಂದ ಎಲ್ಲರೂ ಉಳಿದಿದ್ದರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಚಿರುತ ಗದ್ದೆಗೂ ಬರಲಿಲ್ಲ. ಹೇಳಿ ಕಳಿಸಿದರೆ ಬೊಮ್ಮನ್ ಬಂದು ಕೆಲಸ ಮಾಡಿ ಹೋದ. ಅವನೂ ಈಗ ತಮಾಷೆ ಮಾಡುತ್ತಿರಲಿಲ್ಲ. ಚಿರುತ ಎಲ್ಲಿ ಎಂದರೆ, "ಚೇಕಾಡಿಲಿ ಕುಯ್ಲಿಗೆ ಹೋಗವ್ಳೆ, ಅಲ್ಲೇ ಇರ್ತಾಳೆ" ಎಂದ.

ಡಿಸೆಂಬರಿನಲ್ಲಿ ಕುಞ್ಞಮ್ಮ ಕೆಲಸ ಬಿಟ್ಟಳು. ಮೂವತ್ತನೇ ಬಿಲ್ಲೆ ಖಾಲಿಯಾಯಿತು. ಅವತ್ತೇ ಸಂಜೆ ನಿಂಗಮ್ಮ ಪದ್ಮನಾಭನ್ ಮುಂದೆ ನಿಂತಳು.

"ಮೂವತ್ತು ಚಿರುತಂಗೆ ಕೊಡಿ ಮೊದಲಾಳಿ. ಅವ್ಳದೇ ಹೆಸ್ರಲ್ಲಿ."

ಅವರು ಪುಸ್ತಕ ಮುಚ್ಚಿದರು. "ಅವ್ಳು ನನ್ನ ಮುಖ ನೋಡ್ತಾಳಾ?"

"ನಿಮ್ಮದು ಆಮೇಲೆ. ಮೊದ್ಲು ನನ್ನದು ನೋಡ್ಬೇಕಲ್ಲ."

"ಕೇಳು ಹೋಗು" ಎಂದರು. ಆಮೇಲೆ ಅವಳು ಬಾಗಿಲು ದಾಟುವಾಗ, "ನಾನೂ ಅಂದೆ ಅಂತ ಹೇಳು" ಎಂದರು. ಏನು ಅಂದೆ ಎಂದು ಹೇಳಬೇಕೋ ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ನಿಂಗಮ್ಮ ಕಾಯಂ ಆದ ಮೇಲೆ ತೆಗೆದುಕೊಂಡ ಮೊದಲ ರಜೆ ಅದು. ಬತ್ತೇರಿಗೆ ಒಂದು ಬಸ್ಸು, ಪುಲ್ಪಳ್ಳಿಗೆ ಇನ್ನೊಂದು, ಅಲ್ಲಿಂದ ಕಾಡಿನ ನಡುವೆ ನಡಿಗೆ. ಚೇಕಾಡಿಯ ಗದ್ದೆಬಯಲು ಕಾಡು ಕೈಚಾಚಿ ಹಿಡಿದುಕೊಂಡ ಹಾಗಿತ್ತು. ಗಂಧಸಾಲೆಯ ಕುಯ್ಲು ನಡೆಯುತ್ತಿತ್ತು, ಗಾಳಿಯೆಲ್ಲ ಭತ್ತದ ಘಮ. ಚಿರುತ ಬಗ್ಗಿ ಕುಯ್ಯುತ್ತಿದ್ದಳು. ನಿಂಗಮ್ಮ ಬದುವಿನ ಮೇಲೆ ನಿಂತಳು. ಇಬ್ಬರ ಜಾಗವೂ ಅದಲುಬದಲಾದ ಹಾಗೆ, ಒಳಗಿನವಳು ಕರೆಯಲಿ ಎಂದು ಕಾದಳು. ಚಿರುತ ಕರೆಯಲಿಲ್ಲ. ಒಂದು ಸಾಲು ಮುಗಿಸಿದ ಮೇಲೆ ಸೊಂಟ ನೆಟ್ಟಗೆ ಮಾಡಿ ನೋಡಿದಳು.

"ಏನಮ್ಮಾರೇ, ಇಷ್ಟು ದೂರ?"

"ಹಂಗನ್ಬೇಡ ಚಿರುತಾ."

"ಮತ್ತೇನನ್ಲಿ? ಒಂದು ಹೆಸ್ರಿತ್ತು, ಅದನ್ನ ನೀವು ವಾಪಸ್ ತಗೊಂಡ್ರಿ."

ನಿಂಗಮ್ಮ ಮೂವತ್ತನೇ ಬಿಲ್ಲೆಯ ಸಂಗತಿ ಹೇಳಿದಳು. ಗಡಿಬಿಡಿಯಲ್ಲಿ ಎಲ್ಲ ಒಟ್ಟಿಗೆ ಹೇಳಿದಳು: ನಿನ್ನದೇ ಹೆಸರು, ನಿನ್ನದೇ ಫೋಟೋ, ವರ್ಷ ತುಂಬಿದರೆ ಕಾಯಂ, ಮೊದಲಾಳಿ ಒಪ್ಪಿದ್ದಾರೆ. ಚಿರುತ ಕುಡುಗೋಲಿನ ಬಾಯಿಯನ್ನು ಹೆಬ್ಬೆರಳಲ್ಲಿ ನೋಡಿಕೊಂಡಳು.

"ವರ್ಷ ಅಂದ್ರೆ ಯಾವತ್ತಿಂದ?"

"...ಬಂದು ಸೇರಿದ ದಿನದಿಂದ."

"ಹಿಂದಿನ ಮೂರು ವರ್ಷ?"

ನಿಂಗಮ್ಮ ಬಗ್ಗಿ ಬದುವಿಗೆ ಬಿದ್ದಿದ್ದ ತೆನೆಯೊಂದನ್ನು ಎತ್ತಿಕೊಂಡಳು.

"ನಾನು ಕಾರ್ಡು ಕೇಳ್ತಿಲ್ಲ" ಎಂದಳು ಚಿರುತ. ಈಗ ಅವಳ ಮಾತಿನಲ್ಲಿ ಅಮ್ಮಾರೂ ಇರಲಿಲ್ಲ, ನಿಂಗಿಯೂ ಇರಲಿಲ್ಲ. "ಹಾಡಿಲಿ ಏನಂತಾರೆ ಗೊತ್ತಾ? ಇವ್ಳು ಕಂಪ್ನಿಗೆ ಹೋಯ್ತಿದ್ದೆ ಅಂತ ಮೂರು ವರ್ಷ ಬುರುಡೆ ಬಿಟ್ಲು, ನೀರು ಹೊರ್ತಿದ್ಲಂತೆ ಅಂತಾರೆ. ನನ್ನ ಮಗ ನಿಜವಾ ಅಂತ ಕೇಳ್ತಾನೆ. ನೀನು ಅವತ್ತು ಎಲ್ರ ಮುಂದೆ ಹೇಳ್ದೆ. ಇವತ್ತು ಇಲ್ಲಿ ಬಂದು ಬದು ಮೇಲೆ ನಿಂತು ಪಿಸುಗುಟ್ತೀಯ."

"ಏನು ಮಾಡ್ಲಿ ಹೇಳು."

"ಅಲ್ಲೇ ಹೇಳು. ಅದೇ ಜನದ ಮುಂದೆ, ಮೊದಲಾಳಿ ಮುಂದೆ. ಯಾವ ಯಾವ ದಿನ ನಾನು ಬಂದೆ ಅಂತ ಬಾಯಿ ಬಿಟ್ಟು ಹೇಳು. ನಾನು ಬಂದು ಕೇಳ್ತೀನಿ. ಆಮೇಲೆ ಬಿಲ್ಲೆ ಬೇಕೋ ಬ್ಯಾಡ್ವೋ ನೋಡ್ಕೊಳ್ತೀನಿ."

"ಆಫೀಸಿಗೆ ಗೊತ್ತಾದ್ರೆ ನನ್ನ ಕಾರ್ಡು ಹೋಯ್ತದೆ ಚಿರುತಾ."

"ಹೋಗ್ಬಹುದು" ಎಂದು ಚಿರುತ ಮತ್ತೆ ಬಗ್ಗಿದಳು.

ನಿಂಗಮ್ಮ ಹೇಳಿ ಕಳಿಸಿದ ಹಾಗೆ, ಸೋಮವಾರ ಬೆಳಿಗ್ಗೆ ಹಾಜರಿ ಮುಗಿದು ಎಲ್ಲರೂ ಹಲಗೆಗಳ ಮುಂದೆ ಕೂರುವ ಹೊತ್ತಿಗೆ ಚಿರುತ ಬಂದಳು. ಒಳಗೆ ಬರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತಳು. ಜೊತೆಗೆ ಬೊಮ್ಮನ್, ಅವರ ಮಗ. ಬೀಜ ಆರಿಸುತ್ತಿದ್ದ ಕೈಗಳು ನಿಂತವು.

ನಿಂಗಮ್ಮ ಎದ್ದು ನಿಂತಳು. ರಾತ್ರಿ ಗಂಡನಿಗೆ ಹೇಳಿದಾಗ ಅವನು "ತಲೆ ಕೆಟ್ಟಿದ್ಯಾ, ಬಂದಿದ್ದನ್ನ ಕಳ್ಕೊಳ್ತೀಯಾ?" ಎಂದಿದ್ದ. ತಲೆ ಕೆಟ್ಟಿದೆಯೋ ಇಲ್ಲವೋ ಅವಳಿಗೆ ಈಗಲೂ ತಿಳಿದಿರಲಿಲ್ಲ.

"ಅವತ್ತು ನಾನು ಸುಳ್ಳು ಹೇಳ್ದೆ" ಎಂದಳು. "ಹದಿನೇಳರಲ್ಲಿ ನನಗಿಂತ ಜಾಸ್ತಿ ಕೂತೋಳು ಚಿರುತ."

"ಏ, ಕೂತ್ಕೊಳ್ಳೆ!" ಭಾಗ್ಯಮ್ಮ ಸೆರಗು ಎಳೆದಳು. "ಯಾರಾದ್ರೂ ಕಲ್ಪೆಟ್ಟಕ್ಕೆ ಊದಿದ್ರೆ? ನಿಂದು ಹೋಯ್ತದೆ, ನಂದೂ ಹೋಯ್ತದೆ."

"ನಿನ್ನ ಹೆಸ್ರು ನಾನು ಎತ್ತಲ್ಲ ಅಕ್ಕ. ನಂದು ಮಾತ್ರ ಹೇಳ್ತೀನಿ."

ಪದ್ಮನಾಭನ್ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದರು. ತಡೆಯಬಹುದಿತ್ತು. ಪುಸ್ತಕವನ್ನು ಕಂಕುಳಿಗೆ ಸೇರಿಸಿ ನೆಲ ನೋಡಿದರು.

"ಮೊದಲನೇ ವರ್ಷ ನಾಟಿಗೆ ಇಪ್ಪತ್ತೆರಡು ದಿನ ಅವ್ಳೇ ಬಂದ್ಲು. ನಮ್ಮತ್ತೆ ಕಾಲು ಮುರ್ಕೊಂಡಾಗ ಒಂದೂವರೆ ತಿಂಗಳು, ಒಂದು ದಿನಾನೂ ನಾನಿಲ್ಲ. ಆಮೇಲೆ ಮೆಣಸಿನ ಲಾರಿ ಕೆಸರಲ್ಲಿ ಹೂತ್ಕೊಂಡಿತ್ತಲ್ಲ, ಎಲ್ರೂ ತಳ್ಳಿದ್ರಲ್ಲ, ಅವತ್ತು ಅವ್ಳು."

ಯಾವ ದಿನ ಯಾರು ಎಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ನಿಂಗಮ್ಮ ತಡವರಿಸಿದಳು. ಆಗ ಹಿಂದಿನ ಹಲಗೆಯಿಂದ ಒಬ್ಬಳು ತಲೆಯೆತ್ತದೆಯೇ ಹೇಳಿದಳು: "ಯಂತ್ರದ ಬೆಲ್ಟು ಹರಿದು ನಾವೆಲ್ಲ ಕಿರುಚಿದ್ವಲ್ಲ, ಅವತ್ತೂ ಚಿರುತಾನೇ."

"ಹೋದ ವರ್ಷ ಶುಂಠಿ ಶುರುವಾದ ವಾರ ಪೂರ್ತಿ" ಎಂದಳು ಮತ್ತೊಬ್ಬಳು.

"ನಂಗೆ ಜ್ವರ ಬಂದು ಇಲ್ಲೇ ಬಿದ್ದಾಗ ಮನೆಗೆ ಹೊತ್ಕೊಂಡು ಹೋದೋಳು ಯಾರು ಮತ್ತೆ?" ಎಂದಳು ಭಾಗ್ಯಮ್ಮ, ಸಿಟ್ಟಿನಿಂದ, ಯಾರ ಮೇಲೆ ಎಂದು ತಿಳಿಯದ ಸಿಟ್ಟಿನಿಂದ. ಸೆರಗು ಬಿಟ್ಟಳು.

ಮೆಟ್ಟಿಲ ಮೇಲಿದ್ದ ಮಗ ತಾಯಿಯ ಮುಖವನ್ನೇ ನೋಡುತ್ತಿದ್ದ. ಚಿರುತ ನೆಲದ ಮೇಲಿದ್ದ ಒಂದು ಬೀಜ ಎತ್ತಿಕೊಂಡು ಬೆರಳಲ್ಲಿ ತಿರುಗಿಸುತ್ತಿದ್ದಳು.

"ಹಾವು ಬಂದ ದಿನಾನೂ ಅವ್ಳೇ" ಎಂದಳು ನಿಂಗಮ್ಮ. "ಮೂಟೆ ಸಂದಿಯಿಂದ ಹೊರಟಿತ್ತಲ್ಲ, ಅವತ್ತು."

"ಅಲ್ಲ" ಎಂದಳು ಚಿರುತ.

ಎಲ್ಲರೂ ತಿರುಗಿದರು.

"ಅವತ್ತು ನಾನಲ್ಲ, ನೀನೇ ಇದ್ದೆ. ಹಲಗೆ ಮೇಲೆ ಹತ್ತಿ ನಿಂತು ಅತ್ತಿದ್ಯಂತೆ, ಭಾಗ್ಯಕ್ಕ ಹೇಳಿದ್ಲು. ಅದು ನಿಂದು."

ಯಾರೋ ಕಿಸಕ್ಕೆಂದು ನಕ್ಕು, ನಕ್ಕದ್ದು ತಪ್ಪೇನೋ ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಚಿರುತ ನಗಲಿಲ್ಲ. ಒಳಗೆ ಬಂದೂ ಕೂರಲಿಲ್ಲ.

"ಮುಂದಕ್ಕೆ ಹೇಳು" ಎಂದಳು.